ಮೇಲಿನ ಚಿಲಕ

ಬುಧವಾರ, ಮಧ್ಯಾಹ್ನ

ನನ್ನ ಯಜಮಾನರೂ ಬೀಗ ರಿಪೇರಿಯ ಮಹಾರಾಜರೂ ಆದ ನಿಮಗೆ,

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನೀವು ಅಂಗಡಿಯೊಳಗೆ ಬಿದ್ದಿದ್ದೀರಿ, ನಾನು ಹೊರಗೆ ಷಟರ್ ಬಡಿಯುತ್ತಿದ್ದೇನೆ, ನೀವು ಬಿದ್ದಲ್ಲಿಂದಲೇ ಯಾರದು, ಏನು ಕೆಲಸ ಅಂತ ಕೇಳುತ್ತಿದ್ದೀರಿ. ಸಾಯುವಾಗಲೂ ವಿಚಾರಣೆ. ಎದ್ದವಳು ಮತ್ತೆ ಮಲಗಲಿಲ್ಲ. ಇದು ಪ್ರೀತಿ ಅಂದುಕೊಳ್ಳಬೇಡಿ. ನನಗೆ ಹಾಲು ಉಕ್ಕುತ್ತದೋ ಅಂತಲೂ ಚಿಂತೆ, ನೀವು ಸಾಯುತ್ತೀರೋ ಅಂತಲೂ ಚಿಂತೆ. ಎರಡಕ್ಕೂ ಎದೆ ಒಂದೇ ಥರ ಹೊಡೆದುಕೊಳ್ಳುತ್ತದೆ.

ನಿಮ್ಮ ತಂಗಿ ನಿನ್ನೆ ಬಂದಿದ್ದಳು. ಆಸ್ಪತ್ರೆಯಿಂದ ಬಂದ ವಾರಕ್ಕೇ ಮತ್ತೆ ಅಂಗಡಿಯಲ್ಲೇ ಹಾಸಿಗೆ ಹಾಕಿದ್ದೀರಂತೆ. ಬಂದ ಗಿರಾಕಿಗೆಲ್ಲ ಯಮನಿಗೂ ನನ್ನ ಬೀಗ ತೆಗೆಯೋಕೆ ಆಗಲಿಲ್ಲ ಅಂತ ಎದೆ ತಟ್ಟಿಕೊಂಡು ಹೇಳುತ್ತೀರಂತೆ. ತಟ್ಟಿಕೊಳ್ಳಬೇಡಿ, ಆ ಎದೆಯಲ್ಲಿ ಈಗ ಅಷ್ಟು ಸರಕಿಲ್ಲ. ಯಮ ಬೀಗ ತೆಗೆದು ಬರುವವನಲ್ಲ. ನಿಮ್ಮ ಬೀಗ ತಡೆದದ್ದು ಆಂಬುಲೆನ್ಸಿನವರನ್ನು. ಉಂಡು ಮಲಗುವುದಕ್ಕೆ ಷಟರ್ ಎಳೆದು, ಒಳಗಿನಿಂದ ಬೀಗ ಜಡಿದು, ಸಾಲದು ಅಂತ ಮೇಲೆ ಚಿಲಕವನ್ನೂ ಹಾಕುವ ಗಂಡಸು ಆ ಬೀದಿಗೆಲ್ಲ ನೀವೊಬ್ಬರೇ. ಹಳೇ ಕೀಲಿ ಕದಿಯೋಕೆ ಯಾರು ಬರುತ್ತಾರೆ? ನೋವು ಬಂದಾಗ ಫೋನ್ ಮಾಡುವಷ್ಟು ಬುದ್ಧಿ ಇತ್ತು, ಎದ್ದು ಚಿಲಕ ಎಳೆಯುವ ತ್ರಾಣ ಇರಲಿಲ್ಲ. ಪಕ್ಕದ ವೆಲ್ಡಿಂಗಿನವನು ಷಟರ್ ಕತ್ತರಿಸುವ ತನಕ ಸ್ಟ್ರೆಚರ್ ಬೀದಿಯಲ್ಲಿ ಕಾಯುತ್ತಾ ನಿಂತಿತ್ತು. ಆಮೇಲೆ ಅವನಿಗೇ ಷಟರ್ ಹಾಳು ಮಾಡಿದೆಯಲ್ಲೋ ಅಂತ ಬೈದಿರಂತೆ. ನಾಚಿಕೆಯನ್ನೂ ಯಾವುದೋ ಪೆಟ್ಟಿಗೆಯಲ್ಲಿಟ್ಟು ಕೀಲಿ ಕಳೆದುಕೊಂಡಿದ್ದೀರಿ.

ನಾನು ಆರನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು. ಆದರೂ ಆಸ್ಪತ್ರೆ ವರಾಂಡದಲ್ಲಿ ನಿಮ್ಮ ತಂಗಿಯ ಪಕ್ಕ ನಿಂತು ಕೇಳಿದ್ದು ನನ್ನ ತಲೆಗೆ ಹೋಯಿತು. ರಕ್ತ ಹೋಗುವುದು ನಿಂತರೆ ಹೃದಯದ ಮಾಂಸ ಸಾಯುತ್ತಾ ಹೋಗುತ್ತದೆ, ತಡವಾದಷ್ಟೂ ಹೆಚ್ಚು ಸಾಯುತ್ತದೆ, ಸತ್ತದ್ದು ಮತ್ತೆ ಬರುವುದಿಲ್ಲ ಅಂದರು ಡಾಕ್ಟರಮ್ಮ. ಇನ್ನು ಬದುಕುವುದೇನಿದ್ದರೂ ದಿನಾ ಮಾತ್ರೆ ತಗೊಂಡರೆ, ಬೀಡಿ ಬಿಟ್ಟರೆ, ಹತ್ತಿರ ಒಂದು ಜನ ಇದ್ದರೆ ಅಂದರು. ನಿಮ್ಮ ಕಿವಿಗೆ ಬಿದ್ದದ್ದು ಉಳಿದಿರಿ ಅನ್ನುವುದೊಂದೇ. ನೋವಿಲ್ಲದ ದಿನ ಮಾತ್ರೆ ದಂಡ ಅಂತ ಎತ್ತಿಡುತ್ತೀರಂತೆ. ತುಕ್ಕು ಹಿಡಿದ ಮೇಲೆ ಬೀಗಕ್ಕೆ ಎಣ್ಣೆ ಬಿಡುವವರನ್ನು ದಡ್ಡರು ಅನ್ನುತ್ತಿದ್ದವರು ನೀವೇ ಅಲ್ಲವಾ?

ವಾಪಸು ಬಾ ಅಂತ ಕರೆಯಬೇಡಿ. ಸಕ್ಕರೆ ಡಬ್ಬಿಗೂ ಬೀಗ ಹಾಕಿದವರ ಜೊತೆ ನಾನು ಇರುವವಳಲ್ಲ. ಸತ್ತರೆ ಸಾಯಿರಿ, ಬಾಗಿಲು ತೆಗೆದಿಟ್ಟು ಸಾಯಿರಿ.

ಇಂತಿ,
ಡಬ್ಬಿಗೆ ಬೀಗ ಬಿದ್ದ ದಿನ ಮನೆ ಬಿಟ್ಟವಳು

ಮತ್ತೆ ಬರೆದದ್ದು: ನಿಮ್ಮ ಹೊಸ ಬೀಗದ ಕೀಲಿ ಒಂದು ನನ್ನ ಹತ್ತಿರ ಇದೆ. ಯಾರಿಂದಲೂ ನಕಲು ಮಾಡೋಕಾಗಲ್ಲ ಅಂತ ಮೆರೆಯುತ್ತೀರಲ್ಲ, ಅದೇ. ನೀವು ತಂಗಿಯ ಮನೆಯಲ್ಲಿ ಸ್ನಾನಕ್ಕೆ ಹೋದಾಗ ಅವಳು ಬಸ್ ಸ್ಟ್ಯಾಂಡಿನಲ್ಲಿ ಕೀಲಿ ಮಾಡಿಕೊಡುವವನ ಹತ್ತಿರ ಮಾಡಿಸಿಕೊಂಡು ಬಂದಳು. ನೀವು ತಗಡು ಕೊರೆಯುವವನು ಅನ್ನುತ್ತೀರಲ್ಲ, ಅವನೇ. ನೀವು ತಲೆ ಒರೆಸಿಕೊಳ್ಳುವಷ್ಟರಲ್ಲಿ ಮುಗಿದಿತ್ತು. ಸೋಮವಾರದಿಂದ ನಿಮ್ಮೆದುರಿನ ಟೈಲರ್ ಅಂಗಡಿಗೆ ಗುಂಡಿ ಹೊಲಿಯೋಕೆ ಬರುತ್ತೇನೆ, ಬೇರೆ ಕಡೆ ಕೆಲಸ ಸಿಗಲಿಲ್ಲ. ಬೀಗವಾದರೆ ಹೊರಗಿನಿಂದಲೂ ತೆರೆಯುತ್ತದೆ, ಚಿಲಕ ತೆರೆಯುವುದಿಲ್ಲ. ಮಲಗುವ ಮುಂಚೆ ಚಿಲಕ ತೆಗೆದಿದೆಯಾ ಅಂತ ಇನ್ನೊಂದು ಸಲ ನೋಡಿ.