ನನ್ನ ಧ್ವನಿ ಕೇಳಬಯಸಿದ ದೂರು ಅಧಿಕಾರಿಗಳಿಗೆ

ಮಾನ್ಯ ದೂರು ನಿವಾರಣಾಧಿಕಾರಿಗಳೇ,

ತಮ್ಮ ಕಂಪನಿಯ ವೈಫೈ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಕುಂಟುತ್ತಿದೆ ಎಂದು ಮೂರು ತಿಂಗಳಲ್ಲಿ ಏಳು ಬಾರಿ ದೂರು ಕೊಟ್ಟೆ. ಏಳನ್ನೂ ತಾವು ‘ಗ್ರಾಹಕರು ಮಾತನಾಡಲು ನಿರಾಕರಿಸಿದ್ದಾರೆ’ ಎಂದು ಷರಾ ಬರೆದು ಮುಕ್ತಾಯಗೊಳಿಸಿದಿರಿ. ನಾನು ಮಾತನಾಡಲಿಲ್ಲ ಎಂಬುದು ನಿಜವೇ. ಆದರೆ ನಿರಾಕರಿಸಿದ್ದು ನನ್ನ ಆರನೆಯ ವಯಸ್ಸಿನಲ್ಲಿ ಬಂದ ಒಂದು ಜ್ವರ. ಅದನ್ನು ಕರೆಸಿ ವಿಚಾರಿಸುವ ಇರಾದೆ ತಮಗಿದ್ದರೆ, ಕ್ಷಮಿಸಿ, ಅದರ ವಿಳಾಸ ನನ್ನ ಬಳಿ ಇಲ್ಲ.

ನಾನು ಜಗಳೂರಿನವಳು, ಕಿವುಡಿ. ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ತಾಲ್ಲೂಕು ಕಚೇರಿಗೆ ಹೋಗುವವರ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತೇನೆ. ‘ಮಾನ್ಯರೇ’, ‘ಸದರಿ’, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಮುಂತಾದ ಪದಗಳನ್ನು ಹದಿನಾಲ್ಕು ವರ್ಷಗಳಿಂದ ಊರಿಗೆಲ್ಲ ಹಂಚಿದ್ದೇನೆ. ಇಂದು ಮೊದಲ ಬಾರಿಗೆ ನನಗಾಗಿ ಬಳಸುತ್ತಿದ್ದೇನೆ. ನನ್ನ ಯಜಮಾನರು ಮಾರುತಿ, ಖಾಸಗಿ ಬಸ್ಸಿನ ಕಂಡಕ್ಟರ್. ಅವರಿಗೆ ಕಿವಿ ಕೇಳುತ್ತದೆ, ಬಾಯಿ ಬಸ್‌ಸ್ಟ್ಯಾಂಡಿನ ಆ ತುದಿಗೆ ಮುಟ್ಟುತ್ತದೆ. ಆದರೂ ತಮ್ಮ ಸಹಾಯವಾಣಿಗೆ ಮುಟ್ಟಲಿಲ್ಲ. ಕಾರಣ, ಸಂಪರ್ಕ ನನ್ನ ಹೆಸರಿನಲ್ಲಿದೆ.

“ಗ್ರಾಹಕರೇ ಮಾತಾಡಬೇಕು ಸರ್, ಖಾತರಿ ಮಾಡಿಕೊಳ್ಳಬೇಕು,” ಎಂದರಂತೆ ತಮ್ಮವರು.

“ಆಕೆಗೆ ಕಿವಿ ಕೇಳಲ್ಲ ರೀ. ಮಾತಾಡಾಕೂ ಬರಲ್ಲ,” ಎಂದರು ಇವರು.

“ಪರವಾಗಿಲ್ಲ ಸರ್. ಒಂದೇ ನಿಮಿಷ ಫೋನ್ ಕೊಡಿ. ಹೆಸರು, ಹುಟ್ಟಿದ ದಿನಾಂಕ ಹೇಳಿದರೆ ಸಾಕು.”

ಇವರು ಇದನ್ನು ಕೈಯಲ್ಲಿ ಆಡಿ ತೋರಿಸಿದಾಗ ನಾನು ನಕ್ಕುಬಿಟ್ಟೆ. ಅವರಿಗೆ ನಗು ಬರಲಿಲ್ಲ. “ಇವರಿಗೆ ಹೆಂಗೆ ತಿಳಿಸಿ ಹೇಳಬೇಕು ನೀನೇ ಹೇಳು,” ಎಂದು ಫೋನನ್ನು ಮಂಚದ ಮೇಲೆ ಎಸೆದರು. ನಾನು ಇ-ಮೇಲ್ ಬರೆದೆ. ಅದಕ್ಕೆ ಎರಡೇ ನಿಮಿಷದಲ್ಲಿ ಉತ್ತರ ಬಂತು: ‘ತಮ್ಮ ದೂರು ನಮಗೆ ಅಮೂಲ್ಯ. ದಯವಿಟ್ಟು ಸಹಾಯವಾಣಿಗೆ ಕರೆ ಮಾಡಿ.’

ಆದಾಗ್ಯೂ ದೂರು ಮುಗಿಸುವ ಪ್ರತಿ ಸಂದೇಶದಲ್ಲೂ ಸಲಹೆ ಕೊಡುವುದರಲ್ಲಿ ತಾವು ಜಿಪುಣತನ ತೋರಲಿಲ್ಲ. ಮೋಡೆಮ್ ಆರಿಸಿ ಹಚ್ಚಿ ಅಂದಿರಿ, ಹಚ್ಚಿದೆವು. ಕಬ್ಬಿಣದ ಬೀರು ಸರಿಸಿ ಅಂದಿರಿ. ಅದನ್ನು ಸರಿಸಿದ ಇವರು ಮೂರು ದಿನ ಸೊಂಟ ಹಿಡಿದುಕೊಂಡೇ ಟಿಕೆಟ್ ಹರಿದರು. ಕನ್ನಡಿ ತೆಗೆಸಿದಿರಿ. ಕೊನೆಗೆ, ನೀರು ತುಂಬಿದ ಡ್ರಮ್ಮುಗಳು ವೈಫೈಯನ್ನು ತಡೆಯುತ್ತವೆ, ಮನೆಯಿಂದ ಹೊರಗಿಡಿ ಅಂದಿರಿ. ನೀರಿಗೆ ಸದಾ ಬರವಿರುವ ಜಗಳೂರಿನಲ್ಲಿ ಕೂತವರಿಗೆ ತುಂಬಿದ ಡ್ರಮ್ಮನ್ನು ಬೀದಿಯಲ್ಲಿಡಿ ಎನ್ನುವ ಧೈರ್ಯ ತಮಗಲ್ಲದೆ ಇನ್ಯಾರಿಗಿದ್ದೀತು? ಗೋಡೆ ದಪ್ಪವಿದೆ ಎಂದೂ ತಿಳಿಸಿದಿರಿ. ಒಡೆಯಿರಿ ಎನ್ನಲಿಲ್ಲ, ಆ ಉಪಕಾರವನ್ನು ಸ್ಮರಿಸುತ್ತೇನೆ.

ಎರಡನೆಯ ತಿಂಗಳಲ್ಲಿ ತಮ್ಮ ಕಡೆಯ ತಂತ್ರಜ್ಞರೊಬ್ಬರು ಬಂದರು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, ಅಲ್ಲೇ ಗೋಡೆಯ ಮೇಲಿದ್ದ ಮೋಡೆಮ್ ಪಕ್ಕ ಸ್ವಂತ ಫೋನ್ ಹಿಡಿದು ವೇಗ ಅಳೆದರು. ಎಂಬತ್ತು ಚಿಲ್ಲರೆ ಎಂಬಿಪಿಎಸ್ ಬಂತು. ಅದರ ಫೋಟೋ ತೆಗೆದುಕೊಂಡು ‘ಸಮಸ್ಯೆ ಇಲ್ಲ’ ಎಂದು ಬರೆದು ಹೋದರು. ಒಳಕೋಣೆಯ ಕಂಪ್ಯೂಟರಿನಲ್ಲಿ ಅದೇ ಹೊತ್ತಿಗೆ ಎರಡು ಬರುತ್ತಿತ್ತು. ಅಲ್ಲಿಗೆ ನಾಲ್ಕು ಹೆಜ್ಜೆ ಇಡುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

ಅರ್ಜಿ ಟೈಪ್ ಮಾಡಲು ಅಷ್ಟು ವೇಗ ಯಾಕಮ್ಮ ಎಂದು ತಾವು ಕೇಳಬಹುದು. ಅದಕ್ಕೆ ಬೇಡ. ನನಗೆ ವೇಗ ಬೇಕಾಗಿದ್ದು ಪ್ರೇಮಲತಾಳಿಗಾಗಿ.

ಪ್ರೇಮಲತಾ ನನ್ನ ಗೆಳತಿ. ಕಿವುಡ ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿ ಒಂಬತ್ತು ವರ್ಷ ಒಂದೇ ಕೋಣೆಯಲ್ಲಿದ್ದೆವು. ಈಗ ಹೊನ್ನಾಳಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ಅವಳು ಹುಟ್ಟಾ ಕಿವುಡಿ. ನನಗೆ ಜ್ವರಕ್ಕೆ ಮೊದಲೇ ಒಂದಿಷ್ಟು ಮಾತು, ಅಕ್ಷರ ಬಂದಿದ್ದವು. ಅವಳಿಗೆ ಬರವಣಿಗೆ ಹೆಸರು, ವಿಳಾಸ, ಸಾಮಾನಿನ ಚೀಟಿ ದಾಟುವುದಿಲ್ಲ. ಅವಳ ಭಾಷೆ ಎಂದರೆ ಕೈ, ಮುಖ, ಹುಬ್ಬು. ಅಂಗೈಯಗಲದ ಫೋನಿನಲ್ಲಿ ಬೆರಳುಗಳು ಒಂದರೊಳಗೊಂದು ಬೆರೆತುಹೋಗುತ್ತವೆ, ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಎದುರಿಗೆ ಕೂತಷ್ಟೇ ಸ್ಪಷ್ಟ. ತಮ್ಮ ಸಂಪರ್ಕ ಪಡೆದದ್ದೇ ಅದಕ್ಕೆ. ತಮ್ಮ ಪರದೆಯಲ್ಲಿ ಚಿತ್ರ ನಿಂತರೆ ಧ್ವನಿಯಾದರೂ ಬರುತ್ತದೆ, ಒಂದಿಷ್ಟು ಅರ್ಥವಾಗುತ್ತದೆ. ನಮಗೆ ಚಿತ್ರ ನಿಂತರೆ ಮಾತೇ ನಿಂತಂತೆ.

ಕಳೆದ ತಿಂಗಳು ಒಂದು ಸೋಮವಾರ ಸಂಜೆ ನಾಲ್ಕಕ್ಕೆ ಗುರುತಿಲ್ಲದ ನಂಬರಿನಿಂದ ವಿಡಿಯೋ ಕರೆ ಬಂತು. ಟೈಪ್ ಮಾಡುತ್ತಿದ್ದವಳು ಕಂಪ್ಯೂಟರಿನಲ್ಲೇ ತೆಗೆದೆ. ಪ್ರೇಮಲತಾ. ಹಿಂದೆ ಆಸ್ಪತ್ರೆಯ ಹಸಿರು ಪರದೆ. ಅವಳು ಒಂದು ಕಾಗದವನ್ನು ಕ್ಯಾಮೆರಾಗೆ ಒಡ್ಡಿದಳು. ಕಾಗದ ಬಿಳಿ ಚೌಕಗಳಾಗಿ ಒಡೆಯಿತು. ‘ಹೊಟ್ಟೆ’ ಎಂದಳು, ಚಿತ್ರ ನಿಂತಿತು. ‘ನಾಳೆ’ ಎಂದಳು. ಮತ್ತೆ ನಿಂತಿತು. ಹೆಬ್ಬೆರಳು ಒತ್ತುವ ಸನ್ನೆ ಮಾಡಿ, ಹುಬ್ಬು ಮೇಲೇರಿಸಿ ಏನೋ ಕೇಳಿದಳು. ಅಳು ತುಂಬಿದ ಆ ಮುಖ ಹಾಗೇ ಪರದೆಯ ಮೇಲೆ ಅಂಟಿಕೊಂಡಿತು. ನಾನು ಕೈ ಬೀಸಿದೆ, ಮೇಜು ಗುದ್ದಿದೆ. ನನ್ನ ಫೋನ್ ಹಿಡಿದು ಮೋಡೆಮ್ ಬಳಿ ಓಡಿ ಮತ್ತೆ ಮತ್ತೆ ಕರೆ ಮಾಡಿದೆ. ಅರ್ಧ ಗಂಟೆಯ ನಂತರ ಅತ್ತ ತೆಗೆದವರು ಬೇರೆ ಹೆಂಗಸು, ಬಸ್ಸಿನಲ್ಲಿದ್ದರು. ಆಮೇಲೆ ಸಂದೇಶ ಕಳಿಸಿದರು: ‘ನಾನು ನರ್ಸ್ ಪುಷ್ಪಾವತಿ. ಡ್ಯೂಟಿ ಮುಗೀತು. ಆಕೆ ಬಾಳ ಕೇಳ್ಕೊಂಡ್ರು ಅಂತ ಫೋನ್ ಕೊಟ್ಟಿದ್ದೆ. ಗರ್ಭಕೋಶ ತೆಗೆಯೋ ಆಪರೇಷನ್, ನಾಳೆ ಹತ್ತಕ್ಕೆ. ಅದು ಏನು ಅಂತ ಆಕೆಗೆ ಯಾರೂ ಹೇಳಿಲ್ಲ ಅನ್ಸುತ್ತೆ. ಬರಾಕೆ ಆದ್ರೆ ಬರ್ರಿ.’

ಮೂವತ್ತೆರಡು ವರ್ಷದ ಹೆಂಗಸು. ಇನ್ನೊಂದು ಮಗು ಬೇಕೆಂದು ಹೋದ ವರ್ಷವಷ್ಟೇ ನನಗೆ ಹೇಳಿದ್ದಳು.

ಮರುದಿನ ಮೊದಲ ಬಸ್ಸಿಗೆ ನಾನೂ ಮಾರುತಿಯೂ ಹೊರಟೆವು. ದಾವಣಗೆರೆಯಲ್ಲಿ ಬಸ್ ಬದಲಾಯಿಸಿ ಹೊನ್ನಾಳಿ ತಲುಪಿದಾಗ ಒಂಬತ್ತೂವರೆ. ಅವಳಿಗಾಗಲೇ ಆಸ್ಪತ್ರೆಯ ನಿಲುವಂಗಿ ತೊಡಿಸಿದ್ದರು. ನನ್ನನ್ನು ಕಂಡದ್ದೇ ಎರಡೂ ಕೈಗಳಿಂದ ನನ್ನ ಮುಖ ಹಿಡಿದುಕೊಂಡಳು. ಕೈ ಬಿಟ್ಟ ಮೇಲಷ್ಟೇ ಮಾತು ಶುರುವಾಯಿತು. ರಕ್ತಸ್ರಾವ ನಿಲ್ಲಲು ಹೊಟ್ಟೆಯೊಳಗಿನ ಗಂಟನ್ನಷ್ಟೇ ತೆಗೆಯುತ್ತಾರೆ ಎಂದು ಅವಳು ತಿಳಿದಿದ್ದಳು. ಹೆಸರು ಬರೆಯಬಲ್ಲವಳಿಂದ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದೂ ಆಗಿತ್ತು. ನಾನು ಗರ್ಭಕೋಶ ಎಂದರೇನು, ತೆಗೆದರೆ ಏನಾಗುತ್ತದೆ ಎಂದು ಕೈಯಲ್ಲಿ ಹೇಳಿದೆ. ಅವಳು ಮಗು ಎತ್ತಿಕೊಳ್ಳುವ ಸನ್ನೆ ಮಾಡಿ, ‘ಇಲ್ಲವಾ? ಎಂದೂ ಇಲ್ಲವಾ?’ ಎಂದು ಕೇಳಿದಳು. ಇಲ್ಲ ಎಂದೆ. ಎದ್ದು ನಿಂತು ನಿಲುವಂಗಿಯ ಲಾಡಿ ಬಿಚ್ಚತೊಡಗಿದಳು.

ಅವಳ ಗಂಡ ಪ್ರಸನ್ನಕುಮಾರ್ ಗಾಬರಿಯಾದರು. “ಡಾಕ್ಟ್ರು ಬೇಕೇ ಬೇಕು ಅಂದ್ರು ರೀ. ಇಷ್ಟೆಲ್ಲಾ ಇವಳಿಗೆ ಹೆಂಗೆ ಹೇಳಾದು, ನನಗೆ ಅಷ್ಟು ಸನ್ನೆ ಬರಲ್ಲ,” ಎಂದು ಮಾರುತಿಯ ಹತ್ತಿರ ಹೇಳಿಕೊಂಡು ಕಣ್ಣೊರೆಸಿಕೊಂಡರು. ಕೆಟ್ಟವರಲ್ಲ. ನಾನು ಡಾಕ್ಟರಿಗೆ ಒಂದು ಹಾಳೆಯಲ್ಲಿ ಬರೆದು ಕೇಳಿದೆ: ಇಂದೇ ಆಗಬೇಕೇ? ಬೇರೆ ದಾರಿ ಇದೆಯೇ? ಅವರು ಅದರ ಕೆಳಗೇ, ಇನ್ನೊಬ್ಬರಿಗೆ ತೋರಿಸುವುದಾದರೆ ತೋರಿಸಿ ಎಂದು ಬರೆದರು. ಅದೇ ವಾರ ಶಿವಮೊಗ್ಗದಲ್ಲಿ ತೋರಿಸಿದೆವು. ಗಂಟು ಸಣ್ಣದು, ಸದ್ಯಕ್ಕೆ ಮಾತ್ರೆ ಸಾಕು ಎಂದರು. ಈಗ ಪ್ರೇಮಲತಾ ಮಾತ್ರೆ ನುಂಗುತ್ತಿದ್ದಾಳೆ, ರಕ್ತಸ್ರಾವ ಇಳಿದಿದೆ.

ಬಸ್ಸು ಅರ್ಧ ಗಂಟೆ ತಡವಾಗಿದ್ದರೆ? ಆ ಪ್ರಶ್ನೆಗೆ ತಮ್ಮ ಷರಾ ಏನಿರುತ್ತಿತ್ತು?

ಊರಿಗೆ ಮರಳಿದ ಮೇಲೆ ತಮ್ಮ ಕೆಲಸವನ್ನು ನಾನೇ ಮಾಡಿದೆ. ಕಂಪ್ಯೂಟರನ್ನು ಎತ್ತಿಕೊಂಡು ಬಂದು ಮೋಡೆಮ್ ಪಕ್ಕಕ್ಕೇ ಇಟ್ಟೆ. ಆಗಲೂ ಎರಡೇ. ಹಾಗಾದರೆ ಬೀರು, ಕನ್ನಡಿ, ಗೋಡೆ, ಡ್ರಮ್ಮು ಎಲ್ಲವೂ ನಿರಪರಾಧಿಗಳು. ನಂತರ ನನ್ನ ಫೋನನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಫೋನಿನ ಮೂಲಕವೇ ವೈಫೈ ಹಿಡಿದೆ. ಎಪ್ಪತ್ತೈದು! ಉಳಿದದ್ದು ಒಂದೇ ಆರೋಪಿ: ಸಂಪರ್ಕ ಕೊಡುವಾಗ ತಾವೇ ‘ಉಚಿತ ಕೊಡುಗೆ’ ಎಂದು ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸಿಹೋದ ಉಗುರಿನಷ್ಟು ದೊಡ್ಡ, ಕಂಪ್ಯೂಟರಿಗೆ ವೈಫೈ ಹಿಡಿದುಕೊಡುವ ಡಾಂಗಲ್ ಎಂಬ ತುಂಡು. ಅದನ್ನು ಕಿತ್ತು ಬೇರೆ ಹಾಕಿದೆ, ಅಷ್ಟೇ. ಈಗ ಪ್ರೇಮಲತಾಳ ಉಗುರುಬಣ್ಣ ಎಲ್ಲಿ ಕಿತ್ತಿದೆ ಎಂಬುದೂ ಕಾಣುತ್ತದೆ.

ಆ ಡಾಂಗಲ್ಲನ್ನು ತಮ್ಮ ಶಾಖೆಯ ಒಬ್ಬ ನೌಕರರಿಗೆ ತೋರಿಸಿದೆವು. ಹೆಸರು ಬರೆಯುವುದಿಲ್ಲ, ಅವರ ಕೆಲಸ ಉಳಿಯಲಿ. “ಇದು ಹಳೇ ಮಾಲು ಕಣ್ರೀ. ಎಲ್ಲರ ಮನೆಗೂ ಇದನ್ನೇ ಹಾಕೀವಿ. ಇನ್ನೂ ಪೆಟ್ಟಿಗೆಗಟ್ಟಲೆ ಐತೆ,” ಎಂದರು. ಹಾಗಾದರೆ ಇನ್ನೆಷ್ಟು ಮನೆಗಳಲ್ಲಿ ಬೀರುಗಳು ಜಾಗ ಬದಲಿಸಿವೆ, ಮಾನ್ಯರೇ?

ನನ್ನ ಕೇಳಿಕೆ ದೊಡ್ಡದಲ್ಲ. ಆ ಡಾಂಗಲ್ ಕೊಟ್ಟ ಪ್ರತಿಯೊಂದು ಮನೆಗೂ ಹೋಗಿ ಬದಲಾಯಿಸಿಕೊಡಿ. ಕಿವಿ ಕೇಳದವರ, ಮಾತು ಬಾರದವರ ದೂರನ್ನು ಬರಹದಲ್ಲಿ ತೆಗೆದುಕೊಂಡು ಬರಹದಲ್ಲೇ ಉತ್ತರಿಸಲು ಒಬ್ಬ ಓದಬಲ್ಲ ಮನುಷ್ಯನನ್ನು ನೇಮಿಸಿ. ನನ್ನ ಏಳು ದೂರುಗಳನ್ನು ಮತ್ತೆ ತೆರೆದು, ತಪ್ಪು ಯಾರದೆಂದು ತಮ್ಮ ಕೈಯಾರೆ ಷರಾ ತಿದ್ದಿ. ಮೂವತ್ತು ದಿನ ಕಾಯುತ್ತೇನೆ. ಆಮೇಲೆ ಗ್ರಾಹಕರ ಆಯೋಗಕ್ಕೆ ಹೋಗುವ ಅರ್ಜಿಯನ್ನು ಯಾರ ಹತ್ತಿರ ಟೈಪ್ ಮಾಡಿಸಲಿ ಎಂದು ನಾನು ಅಲೆಯಬೇಕಾಗಿಲ್ಲ.

ಇಂತಿ,
ಬಾಯಿಲ್ಲದೆಯೂ ಜಗಳ ಬಲ್ಲ
ಜಗಳೂರಿನ ವಿಜಯಶ್ರೀ