ಗಣಿತದ ಬದಲಿಗೆ

4 ನವೆಂಬರ್, ಸೋಮವಾರ

ಸಿಂದಗಿಯಿಂದ ಬಸ್ ಮತ್ತೆ ತಡ. ಮೊದಲ ಪೀರಿಯಡ್ ಅರ್ಧ ಹೋಯಿತು. ಹತ್ತನೇ ತರಗತಿ, ವರ್ಗ ಸಮೀಕರಣ. ಬೋರ್ಡಿನ ಮೇಲೆ ಬರೆಯುವ ಪ್ರತಿ ಸಾಲನ್ನೂ ಬಾಯಿಬಿಟ್ಟು ಹೇಳುವುದು ಈಗ ರೂಢಿ. ಪಲ್ಲವಿಗಾಗಿ. ಮೊದಲ ಬೆಂಚಿನಲ್ಲಿ ಕೂತರೂ ಅವಳಿಗೆ ಬೋರ್ಡ್ ಬರೀ ಕಪ್ಪು. ಪುಸ್ತಕ ಮೂಗಿಗೆ ತಾಗುವಂತೆ ಹಿಡಿದರೆ ಅಕ್ಷರ ಕಾಣುತ್ತವೆ, ಅದೂ ಒಂದೊಂದೇ. ದೊಡ್ಡದಾಗಿ ಝೆರಾಕ್ಸ್ ಮಾಡಿಸಿ ಕೊಡುತ್ತೇನೆ.

ಇವತ್ತು ನಾನು ಲೆಕ್ಕ ಮುಗಿಸುವ ಮೊದಲೇ, "ಟೀಚರ್, ಮೂರು ಮತ್ತ ಮೈನಸ್ ಎಂಟು ಬರ್ತೈತ್ರಿ" ಅಂದಳು. ಅದೇ ಬಂತು. ಪಿಯುಸಿಗೆ ಸೈನ್ಸ್ ಅಂತೆ. ಅದೊಂದೇ ಹಟ.

19 ನವೆಂಬರ್, ಮಂಗಳವಾರ

ಹೆಡ್‌ಮಾಸ್ಟರ್ ಶ್ರೀಶೈಲಪ್ಪ ಸರ್ ಕರೆದರು. ಮೇಜಿನ ಮೇಲೆ ಪರೀಕ್ಷೆಯ ಅರ್ಜಿಗಳು. ಅಂಗವಿಕಲ ಮಕ್ಕಳ ಅರ್ಜಿ ನನ್ನ ಹೊಣೆ.

"ಕಣ್ಣು ಕಡಿಮಿ ಇದ್ದವ್ರು ಗಣಿತದ ಬದಲಿ ಸಮಾಜಶಾಸ್ತ್ರ ಬರೀಬಹುದು. ಪಲ್ಲವಿಗೆ ಅದನ್ನ ಹಾಕ್ರಿ."

"ಸರ್, ಗಣಿತದಾಗ ಆಕಿನ ಫಸ್ಟ್ ಅದಾಳ್ರಿ. ಹೇಳಿದ್ದು ಬರಿಯಾಕ ಒಬ್ರು, ಜಾಸ್ತಿ ಟೈಮು, ಇಷ್ಟ ಕೊಟ್ರ ಸಾಕು."

"ಬರಿಯೋರ್ನ ಎಲ್ಲಿಂದ ತರ್ತೀರಿ? ಬ್ಯಾರೆ ರೂಮ್ ಯಾರು ಕೊಡ್ತಾರ? ಗ್ರಾಫ್ ಯಾರು ತಗೀತಾರ? ಹ್ವಾದ ವರ್ಷ ನಿಮ್ಮ ಸಬ್ಜೆಕ್ಟಿನ ರಿಸಲ್ಟ್ ನೆನಪೈತಿಲ್ಲೋ?"

ನೆನಪಿದೆ. ರಿಸಲ್ಟ್ ಕಡಿಮೆ ಬಂತೆಂದು ನನಗೆ ಕೊಟ್ಟ ನೋಟಿಸ್ ಫೈಲಿನಲ್ಲಿದೆ. ಅರ್ಜಿಯಲ್ಲಿ ಸಮಾಜಶಾಸ್ತ್ರ ಎಂದು ಬರೆದು ಸಹಿ ಹಾಕಿದೆ.

21 ನವೆಂಬರ್

ಪಾಲಕರ ಒಪ್ಪಿಗೆಗೆ ಪಲ್ಲವಿಯ ಊರು ಯಂಕಂಚಿಗೆ ಹೋಗಿದ್ದೆ. ಪಲ್ಲವಿಯ ತಾಯಿ ಶೆಟ್ಟೆವ್ವ ತೊಗರಿ ಹೊಲದಿಂದ ಆಗಷ್ಟೇ ಬಂದಿದ್ದರು.

"ಇದ್ರಾಗ ಏನ್ ಬರದೈತ್ರಿ ಟೀಚರ್?"

"ನಿಮ್ಮ ಮಗಳಿಗೆ ಅನುಕೂಲ ಆಗೋದು, ಯವ್ವಾ."

ಮತ್ತೇನೂ ಕೇಳದೆ ಹೆಬ್ಬೆಟ್ಟು ಒತ್ತಿದರು. ಪಲ್ಲವಿ ಅಡುಗೆ ಮನೆಯಲ್ಲಿದ್ದಳು. ಕರೆಯಲಿಲ್ಲ.

ಇಲ್ಲಾದರೂ ನಿಜ ಬರೆಯಬೇಕು. ಬರೆಯುವವರನ್ನು ಹುಡುಕುವುದು, ಆಫೀಸಿಗೆ ಅಲೆಯುವುದು ತಪ್ಪಿತಲ್ಲ ಎಂದು ಬಸ್ಸಿನಲ್ಲಿ ಹಗುರವಾಗಿತ್ತು.

12 ಫೆಬ್ರವರಿ, ಬುಧವಾರ

ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ತಿದ್ದಿದೆ. ಪಲ್ಲವಿಗೆ ಇನ್ನೂ ಹೇಳಿಲ್ಲ, ಎಲ್ಲರ ಜೊತೆ ಗಣಿತವನ್ನೇ ಬರೆಸಿದೆ. ಒಂಬತ್ತನೇ ತರಗತಿಯ ಕೋಮಲ ಪಕ್ಕದಲ್ಲಿ ಕೂತು ಅವಳು ಹೇಳಿದ್ದನ್ನು ಬರೆದಳು. ಎಂಬತ್ತಕ್ಕೆ ಎಪ್ಪತ್ತೊಂದು.

ಇಷ್ಟೇ ಬೇಕಿದ್ದದ್ದು. ಒಬ್ಬ ಹುಡುಗಿ, ಒಂದು ತಾಸು ಹೆಚ್ಚು ಸಮಯ.

13 ಫೆಬ್ರವರಿ

ರಜೆ ಹಾಕಿ ಸಿಂದಗಿಯ ಶಿಕ್ಷಣಾಧಿಕಾರಿ ಆಫೀಸಿಗೆ ಹೋದೆ. ಕ್ಲರ್ಕ್ ಬಸಂತರಾಯರು ಕಂಪ್ಯೂಟರ್ ನೋಡಿ, "ತಿದ್ದುಪಡಿ ಮುಗದು ಎಷ್ಟೋ ದಿನಾ ಆತ್ರಿ. ಆದ್ರೂ ಹೆಡ್‌ಮಾಸ್ಟರ್ ಲೆಟರ್ ತರ್ರಿ, ಯಾರ ತಪ್ಪಿನಿಂದ ಹಿಂಗಾತು ಅಂತ ಬರಿಸಿಕೊಂಡು. ನಾಳೆ ಸಂಜಿಯೊಳಗ ಕೊಟ್ರ ಕಳಿಸಿ ನೋಡ್ತೇನಿ" ಎಂದರು.

ಅಲ್ಲಿಂದಲೇ ಶಾಲೆಗೆ.

"ಯಾರ ತಪ್ಪಂತ ಬರೀಲಿ?" ಶ್ರೀಶೈಲಪ್ಪ ಸರ್ ಪೆನ್ನು ತೆಗೆದರು. "ಅರ್ಜಿ ಮ್ಯಾಲ ನಿಮ್ಮ ಸಹಿ ಐತಿ. ನಿಮ್ಮ ಹೆಸರ ಹಾಕ್ತೇನಿ, ಹೂಂ ಅನ್ರಿ."

ಎರಡನೇ ನೋಟಿಸ್. ವಿಚಾರಣೆ. ಇನ್‌ಕ್ರಿಮೆಂಟ್...

"ನಾಳೆ ಹೇಳ್ತೇನ್ರಿ ಸರ್" ಅಂದೆ.

10 ಮಾರ್ಚ್, ಸೋಮವಾರ

ಮರುದಿನ ಸರ್‌ಗೆ ಹೂಂ ಅನ್ನಲಿಲ್ಲ, ಲೆಟರ್ ಹೋಗಲಿಲ್ಲ. ಇಷ್ಟು ದಿನ ಇಲ್ಲಿ ಬರೆಯಲೂ ಇಲ್ಲ.

ಇವತ್ತು ಹಾಲ್ ಟಿಕೆಟ್ ಕೊಟ್ಟೆವು. ಪಲ್ಲವಿ ಮುಖಕ್ಕೆ ಹಿಡಿದು ಓದಿದಳು. ಮೇಲಿನಿಂದ ಕೆಳಗೆ. ಮತ್ತೆ ಮೇಲಿನಿಂದ.

"ಟೀಚರ್, ಗಣಿತ ಎಲ್ಲೈತ್ರಿ?"

ಸರ್ ಬಾಗಿಲಲ್ಲಿ ನಿಂತೇ ಹೇಳಿದರು: "ಕಂಪ್ಯೂಟರದಾಗ ತಪ್ಪಾಗೇತವ್ವ. ಈಗ ಏನೂ ಮಾಡಾಕ ಬರಂಗಿಲ್ಲ."

ನಾನು ಹೌದೆಂದು ತಲೆಯಾಡಿಸಿದೆ. ಅದು ಅವಳಿಗೆ ಕಾಣುವುದಿಲ್ಲ ಎಂದು ಹೊಳೆಯಿತು. ಆಮೇಲೆ ಬಾಯಿಬಿಟ್ಟು ಹೇಳಿದೆ — "ಹೌದು."

24 ಮಾರ್ಚ್

ಗಣಿತ ಪರೀಕ್ಷೆ. ಎರಡು ವಾರದಿಂದ ಸಮಾಜಶಾಸ್ತ್ರದ ನೋಟ್ಸ್ ಓದಿ, ರೆಕಾರ್ಡ್ ಮಾಡಿ, ಪಲ್ಲವಿಗೆ ಕಳಿಸುತ್ತಿದ್ದೇನೆ. ಗಿಳಿಯಂತೆ ಒಪ್ಪಿಸುತ್ತಾಳೆ, ಏನೂ ಕೇಳುವುದಿಲ್ಲ.

ಮಧ್ಯಾಹ್ನ ಫೋನ್ ಬಂತು. "ಟೀಚರ್, ಇವತ್ತಿನ ಪೇಪರ್ ಓದ್ತೀರೇನ್ರಿ?"

ಓದಿದೆ. ಒಂದೊಂದಕ್ಕೂ ಉತ್ತರ ಹೇಳುತ್ತ ಹೋದಳು. ಒಂದೇ ಒಂದು ತಪ್ಪಿತು. "ಇಷ್ಟ ಸಾಕ್ರಿ" ಎಂದು ಇಟ್ಟಳು.

2 ಮೇ, ಶುಕ್ರವಾರ

ರಿಸಲ್ಟ್. ಶಾಲೆಗೆ ನೂರಕ್ಕೆ ನೂರು. ಪಲ್ಲವಿ ಫಸ್ಟ್ ಕ್ಲಾಸ್. ಸರ್ ಪೇಢಾ ಹಂಚಿದರು. "ನೋಡಿದ್ರ್ಯಾ? ಆಕಿಗೂ ಛಲೋ ಆತು, ನಮಗೂ ಛಲೋ ಆತು."

ಪೇಢಾ ತಿಂದೆ.

19 ಮೇ, ಸೋಮವಾರ

ತಾಯಿ ಮಗಳು ಟಿಸಿಗೆ ಬಂದಿದ್ದರು. ಕಾಲೇಜಿನವರು ಸೈನ್ಸ್ ಕೊಡಲಿಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಗಣಿತವೇ ಇಲ್ಲ. ಆರ್ಟ್ಸ್‌ಗೆ ಹೆಸರು ಹಚ್ಚಿದ್ದಾರೆ.

ಶೆಟ್ಟೆವ್ವ ನನ್ನ ಕೈ ಹಿಡಿದುಕೊಂಡರು. "ಕಂಪ್ಯೂಟರ ಮಾಡಿದ್ದಕ್ಕ ನೀವರ ಏನ್ ಮಾಡ್ತೀರಿ? ನಿಮ್ಮಿಂದ ಇಷ್ಟರ ಆತು."

ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಅರ್ಜಿಯಲ್ಲಿ ಏನಿತ್ತು, ಹೆಬ್ಬೆಟ್ಟು ಯಾತಕ್ಕೆ, ಬಸಂತರಾಯರು ಕೊಟ್ಟ ಒಂದು ದಿನ, ನಾನು ಬಾಯಿಬಿಡದೆ ಕೂತದ್ದು.

ಶೆಟ್ಟೆವ್ವ ಕೈ ಬಿಟ್ಟರು.

ಪಲ್ಲವಿ ನನ್ನ ದನಿಯ ಕಡೆ ತಿರುಗಿದಳು. ಅಳಲಿಲ್ಲ. "ಅವ್ವಗ ಓದಾಕ ಬರಂಗಿಲ್ಲ. ನನಗ ಕಿವಿ ಇದ್ವಲ್ರಿ ಟೀಚರ್. ನನ್ನ ಯಾಕ ಕೇಳ್ಲಿಲ್ರಿ?"

ಅದಕ್ಕೆ ಉತ್ತರವನ್ನು ಮನೆಗೆ ಬಂದು ಇಲ್ಲಿ ನಾಲ್ಕು ಸಲ ಬರೆದು ಹೊಡೆದು ಹಾಕಿದ್ದೇನೆ. ಐದನೆಯ ಸಲ: ಕೇಳಲಿಲ್ಲ, ಯಾಕೆಂದರೆ…