ಅಳಿಯ ಇಲ್ಲದ ಸಿನಿಮಾ

ಅತ್ತೆಯವರೇ,

ಅಮೆರಿಕದ ಜರ್ಮನ್‌ಟೌನಿನಿಂದ ನಿಮ್ಮ ಅಳಿಯ ಕೂಗಿ ಹೇಳುತ್ತಿದ್ದೇನೆ. ಬರೆದರೆ ಸಾಕು, ಕೂಗುವುದೇಕೆ ಎನ್ನುತ್ತೀರಾ? ನಿಮ್ಮ ಮಗಳು ಸುಮಾ ಕೂಡ ಅದನ್ನೇ ಅನ್ನುತ್ತಾಳೆ. ಏನು ಮಾಡಲಿ, ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಅಪ್ಪನ ಪಕ್ಕದಲ್ಲಿ ಕೂತು ಬೆಳೆದವನು ನಾನು. ಕಾಗದದ ಮೇಲೂ ಕೊನೆಯ ಬೆಂಚಿನವರಿಗೆ ಕೇಳುವಂತೆ ಬರೆದೇ ಅಭ್ಯಾಸ. ಸುದ್ದಿ ಇಷ್ಟು: ನಮ್ಮ ಸೀರಿಯಲ್ಲು ಸಿನಿಮಾ ಆಗಿ ಬಂದಿದೆ! ಅದರಿಂದಾಗಿ ನಿಮ್ಮ ಮಾನ ಕಳೆಯುವುದರಲ್ಲಿದ್ದೆ. ಬೈಯುವ ಮುಂಚೆ ಪೂರ್ತಿ ಕೇಳಿ.

ನೆನಪಿದೆಯೇ, 2020ರ ಆ ಶನಿವಾರದ ಮಧ್ಯಾಹ್ನ? ಆರು ತಿಂಗಳಿಗೆಂದು ಹುಬ್ಬಳ್ಳಿಯಿಂದ ಬಂದ ನೀವು, ಕೊರೋನಾ ಬಂದು ವಿಮಾನಗಳೆಲ್ಲ ನಿಂತು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಿಕ್ಕಿಕೊಂಡಿದ್ದಿರಿ. ಅಲ್ಲಿ ಊರಿನಲ್ಲಿ ಕನ್ನಡ ಧಾರಾವಾಹಿಗಳ ಶೂಟಿಂಗೂ ಬಂದ್. ನಾನು ಆ ಹಳೆಯ ಬ್ರಿಟಿಷ್ ಸೀರಿಯಲ್ ಹಾಕಿಕೊಂಡು ಕುಳಿತಿದ್ದೆ. ಒಂದು ಆಕಾಶನೌಕೆ, ಊರಿನ ದಾರಿ ತಪ್ಪಿದ ಒಬ್ಬ ಕ್ಯಾಪ್ಟನ್, ಅವನನ್ನು ಗದರಿಸುತ್ತಲೇ ಇರುವ ನೌಕೆಯ ಮುದುಕಿ ದನಿ. ದಶಕಗಟ್ಟಲೆ ಓಡಿದ ಸೀರಿಯಲ್ಲು ಅದು. ಬಾಗಿಲು ಬಡಿದರೆ ಗೋಡೆಯೇ ಅಲುಗಾಡುವ ರಟ್ಟಿನ ನೌಕೆ, ಥೇಟ್ ನಮ್ಮ ಕಂಪನಿಯ ಅರಮನೆ ಸೀನು! ಅದಕ್ಕೇ ನನಗೆ ಅದೆಂದರೆ ಪ್ರಾಣ. ನೀವು ಬೆಳ್ಳುಳ್ಳಿ ಸುಲಿಯುತ್ತ ಪಕ್ಕದಲ್ಲಿ ಕುಳಿತಿರಿ. ನಾನು ಒಂದೊಂದು ಮಾತನ್ನೂ ನಿಯತ್ತಾಗಿ ಕನ್ನಡ ಮಾಡಿ ಹೇಳಿದೆ. ನಿಮಗೆ ಆಕಳಿಕೆಯ ಮೇಲೆ ಆಕಳಿಕೆ. ಅಷ್ಟರಲ್ಲಿ ನೌಕೆಯ ಮುದುಕಿ ಏನೋ ಅಂದಳು. ನಿಮ್ಮ ಕೈ ನಿಂತಿತು.

“ಅಲ್ರೀ ಅಳಿಯಾರ, ಆಕಿ ಈಗ ‘ಅಳಿಯಾ’ ಅಂದ್ಲಲ್ರೀ? ಯಾರ ಅಳಿಯಾ ಆಂವ?”

ಅವಳು ಹೇಳಿದ್ದು ಕ್ಯಾಪ್ಟನ್ನನ ಗ್ರಹದ ಹೆಸರು, ‘ಹಲಿಯಾ’. ಆದರೆ ಆಕೆ ಲಂಡನ್ನಿನ ಗಲ್ಲಿಯವಳು, ನಮ್ಮ ತುಮಕೂರು ಕಡೆಯವರು ಹಾಲನ್ನು ಆಲು ಅನ್ನುವಂತೆ ಹಕಾರ ನುಂಗುವವಳು. ‘ಅಲಿಯಾ’ ಎಂದಳು, ನಿಮಗೆ ಅಳಿಯ ಕೇಳಿಸಿದ. ಇಲ್ಲ ಎಂದು ತಿದ್ದಬೇಕಿತ್ತು ನಾನು. ಆದರೆ ಎಷ್ಟೋ ದಿನಗಳ ಮೇಲೆ ನಿಮ್ಮ ಕಣ್ಣುಗಳು ಅಷ್ಟು ಅಗಲವಾಗಿದ್ದವಲ್ಲ, ಹೇಗೆ ತಿದ್ದಲಿ...

“ಅವಳದೇ ಅಳಿಯ, ಅತ್ತೆ!” ಎಂದು ಎದ್ದು ನಿಂತೆ. “ದೇಹ ಹೋಯಿತು, ಜೀವ ಎಂಜಿನ್ನಿನಲ್ಲಿ ಉಳಿಯಿತು! ಮಗಳ ಮನೆ ಮುಟ್ಟಿಸುವವರೆಗೆ ಅಳಿಯನನ್ನು ಬಿಡೆನೆಂದು ಶಪಥ ಮಾಡಿದ್ದಾಳೆ!”

“ಸತ್ತ ಮ್ಯಾಲೂ ಬೆನ್ನ ಬಿಟ್ಟಿಲ್ಲನ್ರಿ? ಶಾಣ್ಯಾಕಿ!” ಎಂದಿರಿ. ಬೆಳ್ಳುಳ್ಳಿ ಅಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಬಾಲ್ಕನಿಯಲ್ಲಿ ಕಾಫಿ ಹಿಡಿದು ನಿಂತಿದ್ದೆ. ಕೆಳಗೆ ಕೊಳದ ಸುತ್ತ ನೀವು, ನಮ್ಮ ನೆರೆಯವರಾದ ವಿಜಯಪುರದ ಶಾಂತಾ ಆಂಟಿ, ಮೈಸೂರಿನ ವಿಮಲಾ ಆಂಟಿ ವಾಕಿಂಗ್ ಹೊರಟಿದ್ದಿರಿ. ಒಬ್ಬರಿಂದ ಒಬ್ಬರಿಗೆ ಆರಡಿ ದೂರ, ಮೂಗಿಗೆ ಮಾಸ್ಕು. ಅಷ್ಟು ದೂರಕ್ಕೆ ಕೇಳಲೆಂದು ನೀವು ಕೂಗಿ ಕೂಗಿ ಹೇಳುತ್ತಿದ್ದುದು ಏನು? ನನ್ನ ಕಥೆ! ಎಂಜಿನ್ನಿನ ಅತ್ತೆ, ಅವಳ ಅಳಿಯ! ಇನ್ನು ಹಿಂದೆ ಸರಿಯುವುದುಂಟೇ? ಒಂದೂವರೆ ವರ್ಷ, ಪ್ರತಿ ಶನಿವಾರ, ಟಿವಿ ಮುಂದೆ ನಾನು ಕಟ್ಟಿದ್ದೇ ಕಟ್ಟಿದ್ದು. ನೀವು ಹುಬ್ಬಳ್ಳಿಗೆ ಮರಳಿದ ಮೇಲೂ ಶನಿವಾರ ಫೋನ್ ಬರುತ್ತಿತ್ತು. ಹಲೋ ಇಲ್ಲ, ಹೇಗಿದ್ದೀರಿ ಇಲ್ಲ, ಬರೀ “ಮುಂದ?” ಆಮೇಲೆ ಒಂದು ಶನಿವಾರ ಆ ಫೋನು...

ಇರಲಿ. ಹೋದ ತಿಂಗಳು ಬಂದದ್ದು ಶಾಂತಾ ಆಂಟಿಯ ಫೋನು. “ನಮ್ಮ ಸಿನಿಮಾ ಬಂದದಂತಲ್ರೀ! ನಿಮ್ಮ ಅತ್ತಿ ಇಲ್ಲಂತ ನಮ್ಮನ್ನ ಬಿಟ್ಟ ಹೋಗಬ್ಯಾಡ್ರಿ ಮತ್ತ.” ಸುಳ್ಳು ನನ್ನದು, ಊರೆಲ್ಲ ಸಾರಿದವರು ನೀವು. ಸಿನಿಮಾ ನೋಡಿದೊಡನೆ ಅವರಿಗೆ ಏನನ್ನಿಸುತ್ತದೆ? ‘ಒಂದೂವರೆ ವರ್ಷ ನಮ್ಮ ಕಿವಿಗೆ ಹೂವಿಟ್ಟಳಲ್ಲ!’ ಎಂದರೆ, ನೀವು ಮೇಲಿನಿಂದ ಇಳಿದು ಬಂದು ಉತ್ತರ ಕೊಡುತ್ತೀರಾ? ನಿಮ್ಮ ಮೊಮ್ಮಗಳು ಅನಘಾಗೆ ಎಲ್ಲವೂ ಸುಲಭ. “ಅಪ್ಪಾ, ಜಸ್ಟ್ ಟೆಲ್ ದೆಮ್. ನೀನು ಮೇಕಪ್ ಮಾಡ್ದೆ ಅಂತ.” ಸುಮಾ ನಕ್ಕು, “ಬಣ್ಣ ಹಚ್ಚೋದು ನಿಮ್ಮಪ್ಪನ ಮನೆತನದ ಕೆಲಸ,” ಎಂದಳು. ಹೇಳಬೇಕೆಂದೇ ಆಂಟಿಯರಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಥಿಯೇಟರಿಗೆ ಹೊರಟೆ. ಗೈದರ್ಸ್‌ಬರ್ಗ್ ತಲುಪುವವರೆಗೂ ಬಾಯಿ ಬರಲಿಲ್ಲ, ಈ ಬಾಯಿ!

ಸಿನಿಮಾ ಶುರುವಾಯಿತು. ನೌಕೆ ಗಾಜಿನ ಹೋಟೆಲಿನಂತೆ ಥಳಥಳ. ಬಾಗಿಲು ಎಷ್ಟು ಸಲ ಹಾಕಿದರೂ ಗೋಡೆ ಅಲುಗಲಿಲ್ಲ, ನನಗೆ ಅಲ್ಲೇ ಅರ್ಧ ನಿರಾಸೆ. ಮುದುಕಿಯ ದನಿ ತೆಗೆದು ಒಂದು ಹುಡುಗಿಯ ದನಿ ಇಟ್ಟಿದ್ದಾರೆ, ಕಾರಿನಲ್ಲಿ ದಾರಿ ಹೇಳುವವಳ ಹಾಗೆ ನಯ. ಹೋಗಲಿ ಎಂದರೆ, ಗ್ರಹದ ಹೆಸರನ್ನು ಅವಳು ಹೇಳುವುದು ಹೇಗೆ? ‘ಹೇಲಿಯಾ’! ಹಕಾರ ಗಟ್ಟಿ, ಮೇಲೆ ಒಂದು ಏತ್ವ! ಇದರಲ್ಲಿ ಅಳಿಯನನ್ನು ಎಲ್ಲಿಂದ ತರಲಿ?

ವಿಮಲಾ ಆಂಟಿ ತಿವಿದರು. “ಅಳಿಯಾ ಅಂದ್ಲಾ?”

“ಈಗ ಅಂತಾಳೆ, ಆಂಟಿ.”

ಕಾಲು ಗಂಟೆಯ ಮೇಲೆ ಕ್ಯಾಪ್ಟನ್ ನೌಕೆಯ ಡಾಕ್ಟರಮ್ಮನನ್ನು ತಬ್ಬಿಕೊಂಡು ಮುತ್ತಿಟ್ಟ.

“ಅಯ್ಯಯ್ಯೋ! ಮನೇಲಿ ಹೆಂಡ್ತಿ ಇದ್ದಾಳಲ್ಲೋ! ಅತ್ತೆ ಎದುರಿಗೇ!” ವಿಮಲಾ ಆಂಟಿಯ ಈ ಉದ್ಗಾರಕ್ಕೆ ಮುಂದಿನ ಸಾಲಿನವರು ತಿರುಗಿ ನೋಡಿದರು. ಎರಡು ಗಂಟೆ ನಾನು ಕುರ್ಚಿಯ ತುದಿಯಲ್ಲಿ ಕುಳಿತಿದ್ದೆ. ಅಳಿಯ ಬರಲೇ ಇಲ್ಲ.

ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಬಾಗಿಲು ತೆಗೆಯುವ ಮೊದಲು, ಕೈಮುಗಿದು ನಿಂತುಬಿಟ್ಟೆ. “ತಾಯಂದಿರೇ! ಅಳಿಯ ಇಲ್ಲ! ಯಾವತ್ತೂ ಇರಲಿಲ್ಲ! ಎಲ್ಲಾ ನಾನು ಕಟ್ಟಿದ್ದು. ನಮ್ಮತ್ತೆಗೆ ಏನೂ ಗೊತ್ತಿರಲಿಲ್ಲ, ಅವರನ್ನು ಮಾತ್ರ ಸುಳ್ಳಿ ಅನ್ನಬೇಡಿ!” ಆಚೆ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು ಅತ್ತೆ, ಆಣೆ ಮಾಡಿ ಹೇಳುತ್ತೇನೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ವಿಮಲಾ ಆಂಟಿ ನಕ್ಕರು. “ನಮಗೆ ಗೊತ್ತಿಲ್ವೇನಪ್ಪಾ? ಎರಡನೇ ತಿಂಗಳಲ್ಲೇ ನನ್ನ ಮೊಮ್ಮಗಳು ಫೋನಲ್ಲಿ ಹುಡುಕಿ ಎಲ್ಲಾ ಹೇಳಿದ್ಲು. ನಾವು ನಿಮ್ಮತ್ತೆಗೂ ಹೇಳಿದ್ವಿ.”

“ಅವರು ಏನಂದರು?”

ಶಾಂತಾ ಆಂಟಿ ಸೆರಗು ಸರಿಪಡಿಸಿಕೊಂಡು ನಿಮ್ಮ ದನಿಯನ್ನೇ ತೆಗೆದರು. “‘ನನಗೂ ಗೊತ್ತದ ಬಿಡ್ರಿ. ಇಂಗ್ಲಿಷಿನ್ಯಾಗ ಏನಿದ್ರ ನನಗೇನಾಗಬೇಕು? ಅಳಿಯಾ ವಾರಕ್ಕೊಮ್ಮೆ ಲ್ಯಾಪ್‌ಟಾಪ್ ಮುಚ್ಚಿ ನನ್ನ ಜೋಡಿ ಕೂಡ್ತಾನ. ಸುಳ್ಳಂತ ಹೇಳಿದ್ರ ನಾಚಿ ಎದ್ದು ಹೋಗ್ತಾನ. ಯಾರೂ ಬಾಯಿ ಬಿಡಬ್ಯಾಡ್ರಿ.’ ಹಿಂಗಂದ್ರು.”

ಆಮೇಲೆ ಐ-270 ಹೆದ್ದಾರಿಯ ಉದ್ದಕ್ಕೂ ನಡೆದದ್ದನ್ನು ಹೇಗೆ ಬರೆಯಲಿ? ನೀವು ಕೊಳದ ಸುತ್ತ ಹೇಳಿದ್ದು ನನ್ನ ಕಥೆಯೇ ಅಲ್ಲವಂತೆ! ನನ್ನ ಕ್ಯಾಪ್ಟನ್ ಏಳು ಗ್ರಹಗಳ ಸೈನ್ಯವನ್ನು ಒಬ್ಬನೇ ಬಡಿದವನು, ಪ್ರತಿ ವಾರ ಅರ್ಧ ಗಂಟೆ ಮಾತಾಡುವವನು. ನಿಮ್ಮ ಕ್ಯಾಪ್ಟನ್ನನಿಗೆ ನೌಕೆ ರಿವರ್ಸ್ ತೆಗೆಯಲೂ ಬರುವುದಿಲ್ಲ. ಯುದ್ಧವನ್ನೆಲ್ಲ ಅತ್ತೆ ಮುಗಿಸುತ್ತಾಳೆ, ಅಳಿಯ ಹಿಂದೆ ನಿಂತು ಚಹಾ ಕುಡಿಯುತ್ತಾನೆ. ಹಿಂದಿನ ಸೀಟಿನಲ್ಲಿ ಇಬ್ಬರೂ ಪಾತ್ರ ಹಂಚಿಕೊಂಡು ಆಡಿ ತೋರಿಸಿದರು. ನಾನು ನಗು ತಡೆಯಲಾರದೆ ಇಳಿಯಬೇಕಾದ ಎಕ್ಸಿಟ್ಟನ್ನೇ ದಾಟಿಬಿಟ್ಟೆ. “ನೋಡ್ರಿ, ಅಳಿಯಾಗ ಗಾಡಿ ಬರೂದಿಲ್ಲಂತ ಅತ್ತಿ ಸುಳ್ಳ ಹೇಳಿರಲಿಲ್ಲ!” ಎಂದರು ಶಾಂತಾ ಆಂಟಿ. ನನ್ನ ವೀರನನ್ನು ಹೀಗೆ ಬೋಳಿಸಿಟ್ಟು, ಶನಿವಾರ ಏನೂ ಅರಿಯದವರಂತೆ “ಮುಂದ?” ಎನ್ನುತ್ತಿದ್ದಿರಲ್ಲ, ಅತ್ತೆ! ನಾಟಕದ ಮನೆತನ ಯಾರದು, ನನ್ನದೋ ನಿಮ್ಮದೋ?

ಈಗ ನಿಮಗೆ ತಿಳಿಯದ ಸುದ್ದಿ. ಬರುವ ಯುಗಾದಿಗೆ ಇಲ್ಲಿನ ಕನ್ನಡದವರ ಸಮಾರಂಭದಲ್ಲಿ ಇದು ನಾಟಕವಾಗುತ್ತಿದೆ. ನನ್ನ ಕಥೆಯಲ್ಲ, ನಿಮ್ಮದು. ನೌಕೆಯ ಅತ್ತೆ ಶಾಂತಾ ಆಂಟಿ, ಶತ್ರುಸೈನ್ಯ ಪೂರ್ತಿ ವಿಮಲಾ ಆಂಟಿ, ಬೆಳಕು ಅನಘಾ. ಅಳಿಯನ ಪಾತ್ರ ನನಗೆ ಬಂದಿದೆ. ಆಸೆಯಿಂದ ಹಾಳೆಗಳನ್ನು ತಿರುವಿದೆ, ಮೊದಲಿನಿಂದ ಕೊನೆಯವರೆಗೆ ನನಗಿರುವುದು ಒಂದೇ ಮಾತು: “ಹೂಂ, ಅತ್ತೆ.” ಹನ್ನೊಂದು ಸಲ. ಮೆಲ್ಲಗೆ ಹೇಳಬೇಕಂತೆ, ನೀವು ಹಾಗೇ ಹೇಳಿಸುತ್ತಿದ್ದಿರಂತೆ. ದಿನಾ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ. ಸುಮಾ ಅಡುಗೆಮನೆಯಿಂದ “ಇನ್ನೂ ಸಣ್ಣಗೆ!” ಎನ್ನುತ್ತಾಳೆ. ಇನ್ನೂ ಸಣ್ಣಗೆ ಮಾಡುತ್ತೇನೆ.

ನಿಮ್ಮ ಅಳಿಯ